ಕೊಡಗಿನಲ್ಲಿ ಸಂತಾನಚಿಂತೆ ಮತ್ತು ಪುರುಷರ ಬೀಜಮಾರ್ಗದ ತಡೆ: ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಕಾವೇರಿಯ ಉಗಮವನ್ನು ಹೇಳುವ ಪುರಾಣಕಥೆಯಲ್ಲಿ ಸಂತಾನಹೀನನಾದ ಒಬ್ಬ ಮುನಿಯ ತಪಸ್ಸಿನ ಪ್ರಸಂಗವಿದೆ. ಕವೇರನೆಂಬ ಆ ಮುನಿ ಮಕ್ಕಳನ್ನು ಬಯಸಿ ಬ್ರಹ್ಮನನ್ನು ಕುರಿತು ತಪಸ್ಸು ಮಾಡಿದನೆಂದೂ, ಬ್ರಹ್ಮನು ತನ್ನ ಮಗಳಾದ ಲೋಪಾಮುದ್ರೆಯನ್ನೇ ಅವನಿಗೆ ಮಗಳಾಗಿ ಕೊಟ್ಟನೆಂದೂ, ಅವಳೇ ಮುಂದೆ ಕಾವೇರಿಯಾಗಿ ಹರಿದಳೆಂದೂ ಕಥೆಯ ಸಾರಾಂಶ. ಈ ಕಥೆಯಲ್ಲಿ ಗಮನಾರ್ಹವಾದ ಅಂಶವೊಂದುಂಟು. ಮಕ್ಕಳಿಲ್ಲದ ಕೊರತೆ ಇಲ್ಲಿ ಗಂಡಸಿನ ಕೊರತೆ. ಅದಕ್ಕೆ ಪರಿಹಾರವನ್ನು ಹುಡುಕಿ ಹೊರಟವನೂ ಗಂಡಸೇ. ಹೆಂಡತಿಯ ಮೇಲೆ ದೋಷಾರೋಪಣೆಯ ಮಾತು ಇಲ್ಲಿಲ್ಲ.

ಲೋಕವ್ಯವಹಾರದಲ್ಲಿ ನಡೆದುಬಂದದ್ದು ಇದಕ್ಕೆ ಬೇರೆಯಾದ ರೀತಿ. ನಮ್ಮ ಭಾಷೆಯೇ ಅದಕ್ಕೆ ಸಾಕ್ಷಿ. ಮಕ್ಕಳನ್ನು ಹೆರದ ಹೆಂಗಸಿಗೆ 'ಬಂಜೆ' ಎಂಬ ಮಾತು ಕನ್ನಡದ ಮೂಲೆಮೂಲೆಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಸಮನಾಗಿ ಗಂಡಸಿಗೆ ಅನ್ವಯಿಸುವ ಮಾತು ಜನರ ಬಾಯಲ್ಲಿ ಇಲ್ಲ. ಷಂಡ, ನಪುಂಸಕ ಎಂಬ ಶಬ್ದಗಳು ದಾಂಪತ್ಯಕ್ಕೆ ಶಕ್ತಿ ಇಲ್ಲದವನನ್ನು ಸೂಚಿಸುತ್ತವೆಯೇ ಹೊರತು, ಎಲ್ಲ ಶಕ್ತಿಯೂ ಇದ್ದು ಬೀಜ ಮಾತ್ರ ಹೊರಕ್ಕೆ ಬಾರದವನನ್ನು ಸೂಚಿಸುವುದಿಲ್ಲ. ಹೆಸರಿಲ್ಲದ ದೋಷಕ್ಕೆ ಚಿಕಿತ್ಸೆಯೂ ಇರಲಾರದು.

ಆದರೆ ಅಂಥ ದೋಷ ವಾಸ್ತವವಾಗಿ ಇದೆ. ವೃಷಣಗಳಲ್ಲಿ ಹುಟ್ಟುವ ವೀರ್ಯಾಣುಗಳು ಅದಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿನಾಳವನ್ನು ಹಾದು, ಅಲ್ಲಿಂದ ವೀರ್ಯನಾಳದ ಮೂಲಕ ಮೇಲೇರಿ, ಮೂತ್ರಮಾರ್ಗವನ್ನು ಸೇರಬೇಕು. ಸುರುಳಿಯನ್ನು ಬಿಡಿಸಿದರೆ ಎಪಿಡಿಡಿಮಿಸ್ಸಿನ ನಾಳ ಸುಮಾರು ೬ ಮೀಟರು ಉದ್ದವಾಗುತ್ತದೆ. ಅದರ ಒಳರಂಧ್ರವಾದರೋ ಒಂದು ಮಿಲಿಮೀಟರಿನ ಕಾಲುಭಾಗವನ್ನೂ ಮೀರುವುದಿಲ್ಲ. ಈ ಮಾರ್ಗದಲ್ಲಿ ಎಲ್ಲಾದರೂ ತಡೆ ಉಂಟಾದರೆ ವೀರ್ಯಾಣುಗಳು ಅಲ್ಲಿಯೇ ನಿಂತುಬಿಡುತ್ತವೆ. ಹೊರಗೆ ಬರುವ ದ್ರವದ ಬಹುಭಾಗ ಬೇರೆ ಗ್ರಂಥಿಗಳಿಂದ ಒದಗತಕ್ಕದ್ದಾದುದರಿಂದ, ವೀರ್ಯನಾಳದಲ್ಲಿಯೋ ಎಪಿಡಿಡಿಮಿಸ್ಸಿನಲ್ಲಿಯೋ ತಡೆಯಾದವನ ವೀರ್ಯ ನೋಟಕ್ಕೆ ಮೊದಲಿನಂತೆಯೇ ಇರುತ್ತದೆ. ಪುಂಸ್ತ್ವದಲ್ಲಿಯೂ ಕುಂದಿಲ್ಲ. ಹೊರಗಣ ಲಕ್ಷಣ ಒಂದೂ ಇಲ್ಲದ ಈ ದೋಷವನ್ನು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಗುರುತಿಸಲು ಸಾಧ್ಯವಿರಲಿಲ್ಲ. ಗಂಡನು ಆರೋಗ್ಯವಂತನಾಗಿ ಕಾಣುತ್ತಿದ್ದಮೇಲೆ ದೋಷ ಹೆಂಡತಿಯದೇ ಎಂಬ ತೀರ್ಮಾನ ಸುಲಭವಾಯಿತು.

ಈ ಲೇಖನದಲ್ಲಿ ನಾವು ಮೂರು ಪ್ರಶ್ನೆಗಳನ್ನು ವಿಚಾರಮಾಡುತ್ತೇವೆ. ವಂಶವೇ ಬಾಳಿನ ಆಧಾರವಾಗಿದ್ದ ಕೊಡಗಿನ ಸಮಾಜ ಸಂತಾನಹೀನತೆಯನ್ನು ಹೇಗೆ ಎದುರಿಸಿತು? ಪುರುಷರ ಬೀಜಮಾರ್ಗದ ತಡೆಯನ್ನು ಕುರಿತ ಜ್ಞಾನವೂ ಚಿಕಿತ್ಸೆಯೂ ಹೇಗೆ ಬೆಳೆದುವು? ಈ ಎರಡು ಚರಿತ್ರೆಗಳನ್ನು ಕೂಡಿಸಿ ಓದಿದರೆ ಕೊಡಗಿನ ವಂಶಚರಿತ್ರೆಯನ್ನು ಬರೆಯುವವರಿಗೆ ದೊರೆಯುವ ಎಚ್ಚರಿಕೆ ಯಾವುದು?

೨. ಒಕ್ಕದ ವ್ಯವಸ್ಥೆಯಲ್ಲಿ ಸಂತಾನ

ಕೊಡವ ಸಮಾಜದ ಮೂಲಘಟಕ ಒಕ್ಕ. ಒಬ್ಬ ಮೂಲಪುರುಷನಿಂದ ಗಂಡುಮಕ್ಕಳ ಸಾಲಿನಲ್ಲಿ ಇಳಿದುಬಂದವರೆಲ್ಲ ಒಂದು ಒಕ್ಕಕ್ಕೆ ಸೇರಿದವರು. ಐನ್‌ಮನೆ ಆ ಒಕ್ಕದ ನೆಲೆ. ಜಮ್ಮಾ ಭೂಮಿ ಆ ಒಕ್ಕದ ಸೊತ್ತು. ಗತಿಸಿದ ಕಾರಣವರಿಗೆ ಎಡೆಯಿಡುವುದು ಬದುಕಿರುವ ಪೀಳಿಗೆಯ ಕರ್ತವ್ಯ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯೂ, ಎಂ. ಎನ್. ಶ್ರೀನಿವಾಸರು ೧೯೫೨ರಲ್ಲಿ ಪ್ರಕಟಿಸಿದ ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವೂ ಈ ವ್ಯವಸ್ಥೆಯ ಅಧ್ಯಯನಕ್ಕೆ ಮುಖ್ಯವಾದ ಆಧಾರಗಳು. ಒಕ್ಕವೊಂದು ಗಂಡುಸಂತಾನವಿಲ್ಲದೆ ಅಳಿದರೆ ಮನೆಯ ದೀಪ ಆರಿತು, ಹಿರಿಯರಿಗೆ ಎಡೆ ತಪ್ಪಿತು, ಭೂಮಿಗೆ ಒಡೆಯರಿಲ್ಲವಾಯಿತು. ಇಂಥ ಸಮಾಜದಲ್ಲಿ ಮಕ್ಕಳಿಲ್ಲದಿರುವುದು ದಂಪತಿಗಳಿಬ್ಬರ ಖಾಸಗಿ ದುಃಖವಾಗಿ ಉಳಿಯುವಂತಿರಲಿಲ್ಲ.

ಆದುದರಿಂದಲೇ ಸಂಪ್ರದಾಯ ಕೆಲವು ದಾರಿಗಳನ್ನು ಕಂಡುಕೊಂಡಿತ್ತು. ಅವುಗಳಲ್ಲಿ ಪ್ರಸಿದ್ಧವಾದವು ಒಕ್ಕಪರಿಜೆ ಮತ್ತು ಮಕ್ಕಪರಿಜೆ ಎಂಬ ವಿವಾಹಕ್ರಮಗಳು. ಒಕ್ಕಪರಿಜೆಯಲ್ಲಿ ಅಳಿಯನಾಗಿ ಬಂದವನು ತನ್ನ ಹುಟ್ಟಿದ ಒಕ್ಕದ ಸಂಬಂಧವನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರಿಬಿಡುತ್ತಾನೆ. ಮಕ್ಕಪರಿಜೆಯಲ್ಲಿ ಅವನು ತನ್ನ ಒಕ್ಕದವನಾಗಿಯೇ ಉಳಿಯುತ್ತಾನೆ. ಹುಟ್ಟಿದ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಎರಡರ ಉದ್ದೇಶವೂ ಒಂದೇ: ಗಂಡುಸಾಲು ಬತ್ತಿದ ಕಡೆ ಹೆಣ್ಣುಮಗಳ ಮೂಲಕ ವಂಶವನ್ನು ಮುಂದುವರಿಸುವುದು. ವಿಧವೆಯಾದವಳು ಗಂಡನ ಸೋದರನನ್ನು ಮದುವೆಯಾಗುವ ರೂಢಿಯೂ ಇತ್ತು. ಇವುಗಳಿಗಿಂತ ವ್ಯಾಪಕವಾದ ಇನ್ನೊಂದು ಪರಿಹಾರವು ಒಕ್ಕದ ರಚನೆಯಲ್ಲಿಯೇ ಅಡಗಿತ್ತು. ಅಣ್ಣತಮ್ಮಂದಿರು ಒಟ್ಟಾಗಿ ಬಾಳುವ ಮನೆಯಲ್ಲಿ ಅಣ್ಣನ ಮಗ ತಮ್ಮನಿಗೂ ಮಗನೇ. ಒಬ್ಬನಿಗೆ ಮಕ್ಕಳಾಗದಿದ್ದರೂ ಒಕ್ಕ ನಿಲ್ಲುತ್ತಿರಲಿಲ್ಲ, ಎಡೆ ತಪ್ಪುತ್ತಿರಲಿಲ್ಲ.

ಈ ಪದ್ಧತಿಗಳು ಮಾನವೀಯವಾದವು ಎಂಬುದರಲ್ಲಿ ಸಂದೇಹವಿಲ್ಲ. ಹೆಣ್ಣುಮಗಳಿಗೆ ವಂಶೋದ್ಧಾರದ ಅಧಿಕಾರವನ್ನು ಕೊಟ್ಟ ಸಂಪ್ರದಾಯಗಳು ಪಿತೃಪ್ರಧಾನ ಸಮಾಜಗಳಲ್ಲಿ ಹೆಚ್ಚಾಗಿ ಕಾಣಸಿಗುವುದಿಲ್ಲ. ಆದರೆ ಅವು ಸಂತಾನದ ಅಭಾವವನ್ನು ದಾಟಿಹೋಗುವ ದಾರಿಗಳಾಗಿದ್ದುವೇ ಹೊರತು, ಅಭಾವಕ್ಕೆ ಕಾರಣವೇನೆಂದು ಕೇಳುವ ದಾರಿಗಳಾಗಿರಲಿಲ್ಲ. ಕೇಳಬೇಕಾದ ಅವಶ್ಯಕತೆಯೇ ಒದಗಲಿಲ್ಲವೆನ್ನಬಹುದು. ತಮ್ಮನ ದೋಷ ಅಣ್ಣನ ಮಕ್ಕಳ ನೆರಳಿನಲ್ಲಿ ಮುಚ್ಚಿಹೋಗುತ್ತಿತ್ತು. ತಮ್ಮನ ಹೆಂಡತಿಯ ಪಾಲಿಗೆ ಮಾತ್ರ ಅದು ಮುಚ್ಚಿಹೋಗುತ್ತಿರಲಿಲ್ಲ. ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಮಂಗಲವನ್ನು ಆಚರಿಸಿ ಗೌರವಿಸುವ ವಾಡಿಕೆ ಕೊಡವರಲ್ಲಿತ್ತು. ಹೆರುವುದರ ಕೀರ್ತಿ ಹೆಣ್ಣಿನದಾದ ಕಡೆ ಹೆರದಿರುವುದರ ಅಪಕೀರ್ತಿಯೂ ಅವಳದೇ ಆಗುವುದು ಸಹಜ.

ಅರಮನೆಯೂ ಈ ಚಿಂತೆಯಿಂದ ಹೊರತಾಗಿರಲಿಲ್ಲ. ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನಿಗೆ ಪಟ್ಟದ ರಾಣಿಯಲ್ಲಿ ಉಳಿದವರು ಹೆಣ್ಣುಮಕ್ಕಳು. ತನ್ನ ತರುವಾಯ ಮಗಳಾದ ದೇವಮ್ಮಾಜಿಯೇ ಉತ್ತರಾಧಿಕಾರಿಣಿಯಾಗಬೇಕೆಂದು ಅವನು ಬಯಸಿದನು. ೧೮೦೯ರಲ್ಲಿ ಅವನು ತೀರಿಕೊಂಡ ಮೇಲೆ ನಡೆದದ್ದು ಬೇರೆ. ೧೮೧೧ರಲ್ಲಿ ಅವನ ತಮ್ಮ ಲಿಂಗರಾಜನು ರಾಜ್ಯವನ್ನು ತನ್ನದಾಗಿಸಿಕೊಂಡನು. ಅವನ ಮಗ ಚಿಕ್ಕವೀರರಾಜೇಂದ್ರನ ಕಾಲದಲ್ಲಿ, ೧೮೩೪ರಲ್ಲಿ, ಕೊಡಗು ಇಂಗ್ಲಿಷರ ವಶವಾಯಿತು. ದೊಡ್ಡ ವೀರರಾಜೇಂದ್ರನದು ಸಂತಾನಹೀನತೆಯಲ್ಲ, ಗಂಡು ಉತ್ತರಾಧಿಕಾರಿಯ ಅಭಾವ. ಈ ಭೇದವನ್ನು ಮರೆಯಬಾರದು. ಆದರೂ ವಂಶದ ಎಳೆ ತೆಳುವಾದಾಗ ರಾಜ್ಯದ ಗತಿಯೇ ಹೊರಳಬಹುದೆಂಬುದಕ್ಕೆ ಇದು ನಿದರ್ಶನ.

೩. ಪ್ರಾಚೀನ ವೈದ್ಯಗ್ರಂಥಗಳ ಸಾಕ್ಷ್ಯ

ಕಾರಣವನ್ನು ಕೇಳುವ ಕೆಲಸವನ್ನು ಸಂಪ್ರದಾಯ ಮಾಡದಿದ್ದರೂ ಶಾಸ್ತ್ರ ಮಾಡಿತ್ತೇ ಎಂಬುದನ್ನು ಈಗ ನೋಡೋಣ. ಆಯುರ್ವೇದವು ದೇಹವನ್ನು ಸ್ರೋತಸ್ಸುಗಳ, ಎಂದರೆ ಹರಿಯುವ ಮಾರ್ಗಗಳ, ಸಮೂಹವೆಂದು ಭಾವಿಸುತ್ತದೆ. ಅವುಗಳಲ್ಲಿ ಶುಕ್ರವಹ ಸ್ರೋತಸ್ಸೂ ಒಂದು. ಚರಕನು ಅದರ ಮೂಲವನ್ನು ವೃಷಣ ಮತ್ತು ಶೇಫಗಳಲ್ಲಿ ಹೇಳಿದರೆ, ಸುಶ್ರುತನು ಸ್ತನ ಮತ್ತು ವೃಷಣಗಳಲ್ಲಿ ಹೇಳುತ್ತಾನೆ. ಈ ಮಾರ್ಗಕ್ಕೆ ಗಾಯವಾದರೆ ಕ್ಲೈಬ್ಯ ಉಂಟಾಗುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಉಕ್ತವಾಗಿದೆ.

ಇನ್ನೂ ಸ್ಪಷ್ಟವಾದ ಮಾತು ಅದೇ ಗ್ರಂಥದ ಚಿಕಿತ್ಸಾಸ್ಥಾನದ ೭ನೆಯ ಅಧ್ಯಾಯದಲ್ಲಿದೆ. ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ವಿಧಾನವನ್ನು ವಿವರಿಸುತ್ತ ಸುಶ್ರುತನು ಶಸ್ತ್ರ ತಗುಲಬಾರದ ಎಂಟು ಸ್ಥಾನಗಳನ್ನು ಎಣಿಸುತ್ತಾನೆ. ಶುಕ್ರವಹ ಮಾರ್ಗ ಅವುಗಳಲ್ಲೊಂದು. ಅದು ತುಂಡಾದರೆ ಮರಣ ಅಥವಾ ಕ್ಲೈಬ್ಯ ಎಂದು ಎಚ್ಚರಿಸುತ್ತಾನೆ. ಶಸ್ತ್ರವೈದ್ಯನ ಕೈತಪ್ಪಿನಿಂದ ಪುರುಷನ ಸಂತಾನಮಾರ್ಗ ಕೆಡಬಹುದೆಂಬ ಅರಿವು ಎಷ್ಟು ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ. ಶುಕ್ರಾಶ್ಮರಿ ಎಂಬ ಇನ್ನೊಂದು ರೋಗದ ವರ್ಣನೆಯೂ ಉಂಟು. ಹೊರಬೀಳದೆ ತಡೆಹಿಡಿಯಲ್ಪಟ್ಟ ಶುಕ್ರವು ಒಣಗಿ ಗಟ್ಟಿಯಾಗಿ ಮಾರ್ಗವನ್ನು ಕಟ್ಟುವುದೆಂದೂ, ಅದು ಮೂತ್ರಮಾರ್ಗಕ್ಕೆ ಬಂದು ನಿಂತರೆ ಮೊದಲು ಆ ಮಾರ್ಗದಿಂದಲೇ ಹೊರತೆಗೆಯಬೇಕೆಂದೂ, ಸಾಧ್ಯವಾಗದಿದ್ದರೆ ನಾಳವನ್ನು ಸೀಳಿ ಕೊಕ್ಕೆಯಿಂದ ಎತ್ತಬೇಕೆಂದೂ ವಿಧಿಯಿದೆ. ನಿರುದ್ಧಪ್ರಕಶವೆಂಬ ರೋಗದಲ್ಲಿ, ಎಂದರೆ ಮುಂದೊಗಲು ಬಿಗಿದು ಮಾರ್ಗ ಕಿರಿದಾದಾಗ, ಎರಡು ಬಾಯಿಯುಳ್ಳ ಕಬ್ಬಿಣದ, ಮರದ ಅಥವಾ ಅರಗಿನ ಕೊಳವೆಗೆ ತುಪ್ಪ ಸವರಿ ಒಳಗಿಟ್ಟು, ಮೂರು ದಿನಕ್ಕೊಮ್ಮೆ ಅದಕ್ಕಿಂತ ದಪ್ಪನೆಯ ಕೊಳವೆಯನ್ನು ಬದಲಿಸುತ್ತ ಮಾರ್ಗವನ್ನು ಹಿಗ್ಗಿಸಬೇಕೆಂದು ಹೇಳಿದೆ.

ಇವೆಲ್ಲವೂ ಕೈಗೆಟುಕುವ, ಕಣ್ಣಿಗೆ ಕಾಣುವ ತಡೆಗಳು. ಒಳಗಿನ ವೀರ್ಯನಾಳದ ಅಥವಾ ಎಪಿಡಿಡಿಮಿಸ್ಸಿನ ತಡೆಯನ್ನು ತೆರೆಯುವ ವಿಧಾನ ಅಲ್ಲಿಲ್ಲ. ಅದಕ್ಕೆ ಕಾರಣವೂ ಸ್ಪಷ್ಟ. ಶುಕ್ರವನ್ನು ಒಂದೇ ದ್ರವವೆಂದು ಭಾವಿಸಿದ ಕಾಲದಲ್ಲಿ, ದ್ರವ ಹೊರಬೀಳುತ್ತಿದ್ದರೂ ಬೀಜ ಒಳಗೆ ಉಳಿದಿರಬಹುದೆಂಬ ಊಹೆಗೆ ಅವಕಾಶವಿರಲಿಲ್ಲ. ಆದುದರಿಂದ ಪುರುಷದೋಷದ ವಿಚಾರವೆಲ್ಲ ಕ್ಲೈಬ್ಯದ ಮತ್ತು ವಾಜೀಕರಣದ ಕಡೆಗೆ ತಿರುಗಿತು. ಸಂಸ್ಕೃತದ ಈ ವೈದ್ಯಪರಂಪರೆ ಕನ್ನಡಕ್ಕೂ ಇಳಿದುಬಂದಿತೆಂಬುದಕ್ಕೆ ೧೨ನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ವೇ ಮೊದಲಾದ ಗ್ರಂಥಗಳು ಸಾಕ್ಷಿಯಾಗಿವೆ.

ದ್ರವ ಬೇರೆ, ಬೀಜ ಬೇರೆ ಎಂಬ ತಿಳಿವಳಿಕೆ ಬಂದದ್ದು ೧೭ನೆಯ ಶತಮಾನದ ಹಾಲೆಂಡಿನಲ್ಲಿ. ರೆನಿಯರ್ ಡ ಗ್ರಾಫನು ೧೬೬೮ರಲ್ಲಿ ಪುರುಷರ ಜನನಾಂಗಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ವೃಷಣವು ಸೂಕ್ಷ್ಮನಾಳಗಳ ಸುರುಳಿ ಎಂದು ತೋರಿಸಿದನು. ೧೬೭೭ರಲ್ಲಿ ಲೇವನ್‌ಹುಕನು ತನ್ನ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡನು. ಆದರೆ ಸಂತಾನವಿಲ್ಲದ ಗಂಡಸಿನ ವೀರ್ಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಪದ್ಧತಿ ವೈದ್ಯರಲ್ಲಿ ಬಳಕೆಗೆ ಬರಲು ಇನ್ನೂ ಸುಮಾರು ೨೦೦ ವರ್ಷಗಳು ಹಿಡಿದುವು. ಉಪಕರಣ ಸಿದ್ಧವಾಗಿದ್ದರೂ ಗಂಡಸನ್ನು ಪರೀಕ್ಷಿಸಬೇಕೆಂಬ ಮನಸ್ಸು ಸಿದ್ಧವಾಗಿರಲಿಲ್ಲ.

೪. ತಡೆಯ ಕಾರಣಗಳು ಮತ್ತು ಸಿಡುಬಿನ ಪ್ರಶ್ನೆ

ಬೀಜಮಾರ್ಗ ಕಟ್ಟಿಕೊಳ್ಳಲು ಕಾರಣಗಳು ಹಲವು. ಗೊನೋರಿಯ ರೋಗವು ಎಪಿಡಿಡಿಮಿಸ್ಸಿಗೆ ಹಬ್ಬಿ ಅದು ಮಾಯುವಾಗ ನಾಳ ಮುಚ್ಚಿಹೋಗಬಹುದು. ಆ ರೋಗಾಣುವನ್ನು ನೈಸರನು ೧೮೭೯ರಲ್ಲಿ ಗುರುತಿಸಿದನು. ಕ್ಷಯರೋಗ ಶ್ವಾಸಕೋಶವನ್ನಷ್ಟೇ ಅಲ್ಲದೆ ಎಪಿಡಿಡಿಮಿಸ್ ಮತ್ತು ವೀರ್ಯನಾಳಗಳನ್ನೂ ಹಿಡಿಯುವುದುಂಟು. ಅಂಡವಾಯುವಿನ ಶಸ್ತ್ರಕ್ರಿಯೆಯಲ್ಲಿ ವೀರ್ಯನಾಳಕ್ಕೆ ಪೆಟ್ಟಾಗುವುದುಂಟು. ಕೆಲವರಲ್ಲಿ ಹುಟ್ಟಿನಿಂದಲೇ ವೀರ್ಯನಾಳ ರೂಪುಗೊಂಡಿರುವುದಿಲ್ಲ.

ಭಾರತದ ಮಟ್ಟಿಗೆ ಇವುಗಳ ಜೊತೆಗೆ ಇನ್ನೊಂದು ಕಾರಣವನ್ನು ಸೇರಿಸಬೇಕು. ಅದು ಸಿಡುಬು. ಸಿಡುಬಿನಿಂದ ಬದುಕಿ ಉಳಿದ ಗಂಡಸರಲ್ಲಿ ಎಪಿಡಿಡಿಮಿಸ್ಸಿನ ತಡೆ ವಿಶೇಷವಾಗಿ ಕಂಡುಬರುತ್ತದೆಂಬುದನ್ನು ಮುಂಬಯಿಯ ಫಡಕೆ ಮತ್ತು ಅವರ ಸಹೋದ್ಯೋಗಿಗಳು ೧೯೭೩ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತೋರಿಸಿಕೊಟ್ಟರು. ಮುಖದ ಮೇಲಿನ ಕಲೆ ಎಲ್ಲರಿಗೂ ಕಾಣುತ್ತಿತ್ತು. ಒಳಗಿನ ಕಲೆ ಯಾರಿಗೂ ಕಾಣುತ್ತಿರಲಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಸಂಶೋಧನೆ ಮಹತ್ವದ್ದು. ದಕ್ಷಿಣ ಭಾರತದ ಜನ ಮಾರಿಯಮ್ಮನನ್ನು ಸಿಡುಬಿನ ದೇವತೆಯೆಂದು ಪೂಜಿಸಿಕೊಂಡು ಬಂದವರು. ಮಡಿಕೇರಿಯ ದಸರೆಗೆ ಮೊದಲಾಗುವುದೇ ನಾಲ್ಕು ಶಕ್ತಿದೇವತೆಗಳ ಕರಗಗಳಿಂದ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಮ್ಮ, ಕೋಟೆ ಮಾರಿಯಮ್ಮ ಎಂಬುವು ಆ ದೇವತೆಗಳ ಹೆಸರುಗಳು. ಊರಿನಲ್ಲಿ ಹಬ್ಬಿದ ಸಾಂಕ್ರಾಮಿಕ ರೋಗದ ಶಮನಕ್ಕಾಗಿ ಈ ಉತ್ಸವ ಆರಂಭವಾಯಿತೆಂಬುದು ಅಲ್ಲಿಯ ಪ್ರತೀತಿ. ಮಕ್ಕಳಿಗಾಗಿ ನಾಗನಿಗೂ ಸುಬ್ರಹ್ಮಣ್ಯನಿಗೂ ಹರಕೆ ಹೊರುವುದು ಕೊಡಗು ಮತ್ತು ತುಳುನಾಡುಗಳಲ್ಲಿ ಸಾಮಾನ್ಯ. ಮಾರಿಯ ಗುಡಿಗೂ ನಾಗನ ಕಟ್ಟೆಗೂ ಒಂದೇ ಮನೆಯವರು ಒಂದೇ ರೋಗದ ಎರಡು ಫಲಗಳಿಗಾಗಿ ಹೋಗಿರುವ ಸಂಭವ ಇಲ್ಲದಿಲ್ಲ. ಮೊದಲನೆಯದು ಪ್ರಾಣದ ಹರಕೆ, ಎರಡನೆಯದು ಸಂತಾನದ ಹರಕೆ. ಇವೆರಡರ ನಡುವೆ ಸಂಬಂಧವಿರಬಹುದೆಂದು ಅವರಿಗೆ ತಿಳಿಯುವ ಮಾರ್ಗವಿರಲಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಪುರುಷರ ಬೀಜಮಾರ್ಗದ ತಡೆಗೆ ನಮ್ಮ ದೇಶದಲ್ಲಿ ದೊರೆತ ಮೊದಲನೆಯ ಪರಿಣಾಮಕಾರಿ ಪ್ರತಿಬಂಧಕವು ಗೋಸಿಡುಬಿನ ಲಸಿಕೆಯೇ ಆಗಿದೆ. ಜೆನ್ನರನು ತನ್ನ ವಿಧಾನವನ್ನು ೧೭೯೮ರಲ್ಲಿ ಪ್ರಕಟಿಸಿದನು. ಲಸಿಕೆ ೧೮೦೨ರಲ್ಲಿ ಮುಂಬಯಿಗೆ ತಲುಪಿತು. ಥಾಮಸ್ ಹಿಕಿ ೧೮೦೫ರಲ್ಲಿ ಬರೆದ ಮೈಸೂರಿನ ರಾಣಿಯರ ಚಿತ್ರದಲ್ಲಿ ಒಬ್ಬ ರಾಣಿ ಲಸಿಕೆ ಹಾಕಿಸಿಕೊಂಡ ತೋಳಿನ ಕಡೆಗೆ ಬೆರಳು ತೋರುತ್ತಿದ್ದಾಳೆಂದು ಸಂಶೋಧಕರು ಗುರುತಿಸಿದ್ದಾರೆ. ಅಲ್ಲಿಂದ ಮುಂದೆ ಸುಮಾರು ೧೭೦ ವರ್ಷಗಳ ಪ್ರಯತ್ನದ ಫಲವಾಗಿ ೧೯೭೫ರಲ್ಲಿ ಭಾರತದಲ್ಲಿ ಸಿಡುಬು ಕೊನೆಗೊಂಡಿತು. ೧೯೮೦ರಲ್ಲಿ ಪ್ರಪಂಚದಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಲಸಿಕೆ ಹಾಕುತ್ತ ಊರೂರು ಅಲೆದವರಿಗೆ ತಾವು ಪ್ರಾಣವನ್ನು ಉಳಿಸುತ್ತಿರುವುದು ಗೊತ್ತಿತ್ತು. ಮುಂದಿನ ಪೀಳಿಗೆಯ ದಾರಿಯನ್ನೂ ಕಾಯುತ್ತಿರುವುದು ಗೊತ್ತಿರಲಿಲ್ಲ. ಅದೇ ಮೇರೆಗೆ ೧೯೪೦ರ ದಶಕದಲ್ಲಿ ಬಳಕೆಗೆ ಬಂದ ಪೆನಿಸಿಲಿನ್ ಗೊನೋರಿಯವನ್ನೂ, ಸ್ಟ್ರೆಪ್ಟೊಮೈಸಿನ್ ಕ್ಷಯವನ್ನೂ ನಾಳ ಮುಚ್ಚುವ ಮೊದಲೇ ಹಿಡಿದು ನಿಲ್ಲಿಸುವ ಸಾಧ್ಯತೆಯನ್ನು ತಂದುವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕೊಡಗಿನ ಜನಸಂಖ್ಯೆ ೧೯೦೧ರ ಜನಗಣತಿಯಲ್ಲಿ ೧,೮೦,೬೦೭ ಇದ್ದದ್ದು ೧೯೩೧ರಲ್ಲಿ ೧,೬೩,೩೨೭ಕ್ಕೆ ಇಳಿಯಿತು. ಈ ಇಳಿತವನ್ನು ನೋಡಿ, ಸಂತಾನಶಕ್ತಿಯೇ ಕುಂದಿತೆಂದು ಹೇಳಲು ಹೊರಡುವುದು ಸಾಹಸವಾದೀತು. ಮಲೆನಾಡನ್ನು ಕಾಡುತ್ತಿದ್ದ ಮಲೇರಿಯಾ ಜ್ವರವೂ ಕಾಫಿತೋಟಗಳ ಆಳುಗಳ ಬರಹೋಗುವಿಕೆಯೂ ಗಣತಿಯ ಅಂಕಿಗಳನ್ನು ಏರಿಳಿಸುವ ಪ್ರಬಲ ಕಾರಣಗಳು. ಬೀಜಮಾರ್ಗದ ತಡೆ ಒಂದೊಂದು ಮನೆಯ ಚರಿತ್ರೆಯನ್ನು ಬದಲಿಸುವ ಕಾರಣ. ನಾಡಿನ ಜನಸಂಖ್ಯೆಯನ್ನು ಬದಲಿಸುವ ಕಾರಣವಲ್ಲ.

೫. ಶಸ್ತ್ರಕ್ರಿಯೆಯ ಬೆಳವಣಿಗೆ

ಕಟ್ಟಿದ ಮಾರ್ಗವನ್ನು ತೆರೆಯುವ ಶಸ್ತ್ರಕ್ರಿಯೆಯ ಚರಿತ್ರೆ ೧೯೦೨ರಲ್ಲಿ ಆರಂಭವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯದ ಎಡ್ವರ್ಡ್ ಮಾರ್ಟಿನ್ ಎಂಬ ಶಸ್ತ್ರವೈದ್ಯನು ಎಪಿಡಿಡಿಮಿಸ್ಸಿನಲ್ಲಿ ತಡೆಯುಂಟಾಗಿದ್ದ ರೋಗಿಗೆ, ತಡೆಯನ್ನು ಬಿಡಿಸುವ ಬದಲು ಅದನ್ನು ಬಳಸಿಹೋಗುವ ದಾರಿಯನ್ನು ಮಾಡಿಕೊಟ್ಟನು. ತಡೆಗೆ ಹಿಂದೆ, ವೀರ್ಯಾಣುಗಳು ತುಂಬಿ ನಿಂತಿರುವ ಭಾಗವನ್ನು ಕೊಯ್ದು, ಅಲ್ಲಿಗೆ ವೀರ್ಯನಾಳವನ್ನೇ ತಂದು ಜೋಡಿಸುವುದು ಅವನ ಕ್ರಮ. ಮುಂದೆ ಇದೇ ಹಾದಿಯಲ್ಲಿ ನಡೆದ ಫ್ರಾನ್ಸಿಸ್ ಹಗ್ನರ್ ೧೯೩೬ರಲ್ಲಿ ೩೩ ರೋಗಿಗಳ ವಿವರವನ್ನು ಪ್ರಕಟಿಸಿದನು. ಅವರಲ್ಲಿ ಶೇಕಡ ೬೪ರಷ್ಟು ಮಂದಿಯಲ್ಲಿ ಮಾರ್ಗ ತೆರೆದುಕೊಂಡಿತು. ಶೇಕಡ ೪೮ರಷ್ಟು ಮಂದಿಯ ಪತ್ನಿಯರು ಗರ್ಭವತಿಯರಾದರು. ಬರಿಗಣ್ಣಿನಿಂದ ಮಾಡಿದ ಕೆಲಸಕ್ಕೆ ಇದು ಅಸಾಧಾರಣವಾದ ಫಲ.

ಬರಿಗಣ್ಣಿನ ಮಿತಿಯನ್ನು ದಾಟಿದ್ದು ೧೯೭೦ರ ದಶಕದಲ್ಲಿ. ಅಮೆರಿಕದ ಶರ್ಮನ್ ಸಿಲ್ಬರ್, ಆಸ್ಟ್ರೇಲಿಯದ ಅರ್ಲ್ ಓವನ್ ಮೊದಲಾದವರು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಸೂಕ್ಷ್ಮದರ್ಶಕವನ್ನು ತಂದಿಟ್ಟರು. ತಲೆಗೂದಲಿಗಿಂತ ಸಣ್ಣನೆಯ ನೈಲಾನ್ ದಾರದಿಂದ ನಾಳದ ಒಳಪದರವನ್ನೂ ಹೊರಪದರವನ್ನೂ ಬೇರೆಬೇರೆಯಾಗಿ ಹೊಲಿಯುವುದು ಆಗ ಸಾಧ್ಯವಾಯಿತು. ೧೯೭೮ರಲ್ಲಿ ಸಿಲ್ಬರ್ ಎಪಿಡಿಡಿಮಿಸ್ಸಿನ ಒಂದೇ ಒಂದು ಸೂಕ್ಷ್ಮನಾಳವನ್ನು ವೀರ್ಯನಾಳಕ್ಕೆ ಜೋಡಿಸುವ ವಿಧಾನವನ್ನು ಪ್ರಕಟಿಸಿದನು. ತಡೆ ಇನ್ನೂ ಮುಂದೆ, ವೀರ್ಯನಾಳ ಮೂತ್ರಮಾರ್ಗವನ್ನು ಸೇರುವ ಬಾಯಲ್ಲಿದ್ದರೆ, ಮೂತ್ರಮಾರ್ಗದೊಳಗಿನಿಂದಲೇ ಉಪಕರಣವನ್ನು ಕಳುಹಿಸಿ ಅದನ್ನು ಕತ್ತರಿಸಿ ತೆರೆಯುವ ಕ್ರಮವನ್ನು ಫಾರ್ಲೆ ಮತ್ತು ಬಾರ್ನ್ಸ್ ಎಂಬವರು ೧೯೭೩ರಲ್ಲಿ ವರದಿಮಾಡಿದರು. ಹುಟ್ಟಿನಿಂದ ವೀರ್ಯನಾಳವೇ ಇಲ್ಲದವರಿಗೆ ಜೋಡಿಸುವುದಕ್ಕೆ ಏನೂ ಇರಲಿಲ್ಲ. ೧೯೯೨ರಲ್ಲಿ ಬ್ರಸೆಲ್ಸಿನ ವೈದ್ಯರು ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವ ಕ್ರಮದಿಂದ ಗರ್ಭಧಾರಣೆಯಾದುದನ್ನು ಪ್ರಕಟಿಸಿದ ಮೇಲೆ, ವೃಷಣದಿಂದಲೋ ಎಪಿಡಿಡಿಮಿಸ್ಸಿನಿಂದಲೋ ಸೂಜಿಯಲ್ಲಿ ತೆಗೆದ ವೀರ್ಯಾಣುಗಳಿಂದ ಅಂಥವರಿಗೂ ಸಂತಾನದ ದಾರಿ ತೆರೆಯಿತು.

ಈ ಚಿಕಿತ್ಸೆಗಳಿಗೆಲ್ಲ ಮೊದಲನೆಯ ಮೆಟ್ಟಿಲು ಒಂದೇ: ಗಂಡಸಿನ ವೀರ್ಯಪರೀಕ್ಷೆ. ವೀರ್ಯದಲ್ಲಿ ವೀರ್ಯಾಣು ಇಲ್ಲವೇ ಇಲ್ಲ ಎಂಬ ಸ್ಥಿತಿ ಸುಮಾರು ನೂರು ಮಂದಿ ಗಂಡಸರಲ್ಲಿ ಒಬ್ಬನಿಗೆ ಇರುತ್ತದೆ. ಅಂಥವರಲ್ಲಿ ಸುಮಾರು ಶೇಕಡ ೪೦ ಮಂದಿಯಲ್ಲಿ ಕಾರಣ ಮಾರ್ಗದ ತಡೆ. ವೃಷಣಗಳ ಗಾತ್ರ ಸರಿಯಾಗಿದ್ದು, ರಕ್ತದಲ್ಲಿ ಸಂಬಂಧಪಟ್ಟ ಹಾರ್ಮೋನು ಸಹಜವಾಗಿದ್ದರೆ, ಬೀಜ ಹುಟ್ಟುತ್ತಿದೆ, ಆದರೆ ದಾರಿ ಕಟ್ಟಿದೆ ಎಂದು ವೈದ್ಯರು ಊಹಿಸುತ್ತಾರೆ. ಪರೀಕ್ಷೆ ಸುಲಭ, ವೆಚ್ಚ ಅಲ್ಪ. ಹೀಗಿದ್ದೂ ಅನೇಕ ಮನೆಗಳಲ್ಲಿ ಹೆಂಡತಿಯ ಎಲ್ಲ ಪರೀಕ್ಷೆಗಳೂ ಹರಕೆಗಳೂ ಮುಗಿದ ಮೇಲೆಯೇ ಗಂಡನ ಸರದಿ ಬರುವುದು ನಮ್ಮ ಸಮಾಜದಲ್ಲಿ ಇನ್ನೂ ಉಳಿದಿರುವ ರೂಢಿ.

೬. ಸರಕಾರ ಮತ್ತು ಬುದ್ಧಿಪೂರ್ವಕವಾದ ತಡೆ

ಬೀಜಮಾರ್ಗದ ಚಿಕಿತ್ಸೆಯ ಚರಿತ್ರೆಗೆ ೨೦ನೆಯ ಶತಮಾನದಲ್ಲಿ ಒಂದು ವಿಚಿತ್ರವಾದ ತಿರುವು ಒದಗಿತು. ಯಾವ ತಡೆಯನ್ನು ವೈದ್ಯರು ತೆರೆಯಲು ಹೆಣಗುತ್ತಿದ್ದರೋ ಅದೇ ತಡೆಯನ್ನು ಸರಕಾರಗಳು ಜನಸಂಖ್ಯಾನಿಯಂತ್ರಣಕ್ಕಾಗಿ ತಾವೇ ಉಂಟುಮಾಡಲು ತೊಡಗಿದುವು. ಮೈಸೂರು ಸಂಸ್ಥಾನ ೧೯೩೦ರ ಜೂನ್ ೧೧ರಂದು ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿ ಈ ಕ್ಷೇತ್ರದಲ್ಲಿ ಪ್ರಪಂಚಕ್ಕೇ ಮಾರ್ಗದರ್ಶಕವಾಯಿತು. ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ. ಚೀಫ್ ಕಮಿಷನರರ ಆಡಳಿತದ ಪ್ರತ್ಯೇಕ ಪ್ರಾಂತವಾಗಿತ್ತು. ೧೯೫೬ರ ನವೆಂಬರ್ ೧ರಂದು ಅದು ಮೈಸೂರು ರಾಜ್ಯದ ಜಿಲ್ಲೆಯಾದ ಮೇಲೆ ರಾಜ್ಯದ ಕುಟುಂಬಯೋಜನೆಯ ವ್ಯಾಪ್ತಿಗೆ ಬಂದಿತು.

ವಾಸೆಕ್ಟಮಿ, ಎಂದರೆ ವೀರ್ಯನಾಳವನ್ನು ಕತ್ತರಿಸಿ ಕಟ್ಟುವ ಸಣ್ಣ ಶಸ್ತ್ರಕ್ರಿಯೆ, ಆ ಯೋಜನೆಯ ಮುಖ್ಯ ಸಾಧನವಾಯಿತು. ನೆರೆಯ ಕೇರಳದ ಎರ್ನಾಕುಲಂನಲ್ಲಿ ೧೯೭೧ರ ಜುಲೈ ತಿಂಗಳಲ್ಲಿ ನಡೆದ ಶಿಬಿರದಲ್ಲಿ ೬೦,೦೦೦ಕ್ಕೂ ಮೇಲ್ಪಟ್ಟ ವಾಸೆಕ್ಟಮಿಗಳಾದುವು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬-೭೭ರ ಒಂದೇ ವರ್ಷದಲ್ಲಿ, ದೇಶದಲ್ಲಿ ೮೨ ಲಕ್ಷಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಕ್ರಿಯೆಯಾಯಿತು. ಅವರಲ್ಲಿ ಸುಮಾರು ೬೨ ಲಕ್ಷ ಮಂದಿ ಗಂಡಸರು. ಬಲಾತ್ಕಾರದ ಆ ಕಹಿ ನೆನಪು ಗಂಡಸರನ್ನು ಈ ಶಸ್ತ್ರಕ್ರಿಯೆಯಿಂದ ದೂರಮಾಡಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ದಂಪತಿಗಳಲ್ಲಿ ಸ್ತ್ರೀಯ ಶಸ್ತ್ರಕ್ರಿಯೆಯನ್ನು ಅವಲಂಬಿಸಿದವರು ಶೇಕಡ ೩೭.೯, ಪುರುಷನ ಶಸ್ತ್ರಕ್ರಿಯೆಯನ್ನು ಅವಲಂಬಿಸಿದವರು ಶೇಕಡ ೦.೩ ಮಾತ್ರ. ಮಕ್ಕಳಾಗದಿದ್ದರೆ ದೋಷ ಹೆಣ್ಣಿನದು, ಮಕ್ಕಳು ಸಾಕೆಂದರೆ ಶಸ್ತ್ರವೂ ಹೆಣ್ಣಿಗೆ ಎಂಬ ಸ್ಥಿತಿಯನ್ನು ಈ ಎರಡು ಅಂಕಿಗಳು ಬಯಲುಮಾಡುತ್ತವೆ.

ಇದರ ನಡುವೆ ಕತ್ತರಿಸಿದ ನಾಳವನ್ನು ಮರಳಿ ಜೋಡಿಸುವ ಚಿಕಿತ್ಸೆಯೂ ಬೆಳೆಯಿತು. ಶಸ್ತ್ರಕ್ರಿಯೆಯ ನಂತರ ಇದ್ದ ಮಕ್ಕಳನ್ನು ಕಳೆದುಕೊಂಡವರು, ಮರುಮದುವೆಯಾದವರು ವೈದ್ಯರ ಬಳಿಗೆ ಹಿಂದಿರುಗುತ್ತಿದ್ದರು. ಮುಂಬಯಿಯ ಜಿ. ಎಂ. ಫಡಕೆ ಮತ್ತು ಎ. ಎಂ. ಫಡಕೆ ೧೯೬೭ರಲ್ಲಿ ಪ್ರಕಟಿಸಿದ ೭೬ ಪ್ರಕರಣಗಳ ವರದಿ ಪ್ರಪಂಚದ ವೈದ್ಯರ ಗಮನವನ್ನು ಸೆಳೆಯಿತು. ಅವುಗಳಲ್ಲಿ ಶೇಕಡ ೮೩ರಷ್ಟರಲ್ಲಿ ವೀರ್ಯಾಣುಗಳು ಮರಳಿ ಕಾಣಿಸಿಕೊಂಡುವು. ಶೇಕಡ ೫೫ರಷ್ಟರಲ್ಲಿ ಗರ್ಭಧಾರಣೆಯಾಯಿತು. ಸೂಕ್ಷ್ಮದರ್ಶಕದ ಶಸ್ತ್ರಕ್ರಿಯೆ ಬಂದ ಮೇಲೆ ಅಮೆರಿಕದಲ್ಲಿ ೧,೪೬೯ ಮಂದಿಯನ್ನು ಕುರಿತು ೧೯೯೧ರಲ್ಲಿ ಪ್ರಕಟವಾದ ಅಧ್ಯಯನದಿಂದ ಕಾಲದ ಮಹತ್ವ ಸ್ಪಷ್ಟವಾಯಿತು. ನಾಳ ಕತ್ತರಿಸಿ ೩ ವರ್ಷದೊಳಗೆ ಮರಳಿ ಜೋಡಿಸಿದಾಗ ಶೇಕಡ ೭೬ರಷ್ಟು ಗರ್ಭಧಾರಣೆ. ೧೫ ವರ್ಷ ಅಥವಾ ಅದಕ್ಕೂ ಹೆಚ್ಚು ಕಳೆದ ಮೇಲೆ ಶೇಕಡ ೩೦. ತಡೆ ಹಳೆಯದಾದಷ್ಟೂ ಹಿಂದಿನ ಒತ್ತಡದಿಂದ ಎಪಿಡಿಡಿಮಿಸ್ ಕೆಡುತ್ತದೆಂಬುದು ಇದಕ್ಕೆ ಒಂದು ಕಾರಣ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ನಮಗೆ ಮುಖ್ಯವಾಗಿ ಮೂರು ಅಂಶಗಳು ಫಲಿಸುತ್ತವೆ. ಮೊದಲನೆಯದಾಗಿ, ಕೊಡಗಿನ ಒಕ್ಕದ ವ್ಯವಸ್ಥೆ ಸಂತಾನದ ಅಭಾವಕ್ಕೆ ಸಾಮಾಜಿಕವಾದ ಪರಿಹಾರವನ್ನು ರೂಪಿಸಿತು. ಆ ಪರಿಹಾರವೇ ಪುರುಷದೋಷದ ಪ್ರಶ್ನೆಯನ್ನು ಮರೆಮಾಡಿತು. ಎರಡನೆಯದಾಗಿ, ಬೀಜಮಾರ್ಗದ ಕಲ್ಪನೆ ನಮ್ಮ ವೈದ್ಯಪರಂಪರೆಗೆ ಬಹು ಹಿಂದಿನಿಂದಲೂ ಪರಿಚಿತವಾಗಿದ್ದರೂ, ಒಳಗಿನ ತಡೆಯ ನಿದಾನ ಸೂಕ್ಷ್ಮದರ್ಶಕದಿಂದಲೂ ಅದರ ಚಿಕಿತ್ಸೆ ೧೯೦೨ರ ಈಚಿನ ಶಸ್ತ್ರಕ್ರಿಯೆಯಿಂದಲೂ ಮಾತ್ರ ಸಾಧ್ಯವಾಯಿತು. ಮೂರನೆಯದಾಗಿ, ಹೆಚ್ಚು ಮಂದಿಯ ಮಾರ್ಗವನ್ನು ಕಾಪಾಡಿದ್ದು ಶಸ್ತ್ರಕ್ಕಿಂತಲೂ ಲಸಿಕೆ ಮತ್ತು ಔಷಧಗಳು ಎಂದೇ ನಮ್ಮ ಅಭಿಪ್ರಾಯ.

ಒಕ್ಕಗಳು ಪಾಲಾಗಿ ಚಿಕ್ಕ ಸಂಸಾರಗಳಾಗಿರುವ ಇಂದಿನ ಕೊಡಗಿನಲ್ಲಿ ಅಣ್ಣನ ಮಕ್ಕಳ ನೆರಳು ತಮ್ಮನಿಗೆ ಹಿಂದಿನಂತೆ ದೊರೆಯುವುದಿಲ್ಲ. ೨೦೧೬ರಲ್ಲಿ ಮಡಿಕೇರಿಯಲ್ಲಿಯೇ ವೈದ್ಯವಿದ್ಯಾಲಯ ಆರಂಭವಾಗಿದೆ. ವೀರ್ಯಪರೀಕ್ಷೆಗೆ ದೂರ ಹೋಗಬೇಕಾದ ಕಾಲ ಕಳೆದಿದೆ. ಈಗ ಬೇಕಾದದ್ದು ಗಂಡಸು ಮೊದಲು ಪರೀಕ್ಷೆಗೆ ಕೂರುವ ಮನಸ್ಸು.

ಚರಿತ್ರೆಯ ವಿದ್ಯಾರ್ಥಿಗಳಿಗೂ ಒಂದು ಕರ್ತವ್ಯವಿದೆ. ಐನ್‌ಮನೆಗಳ ವಂಶಾವಳಿಗಳನ್ನು ಸಂಗ್ರಹಿಸುವಾಗ ಅಲ್ಲಲ್ಲಿ ಒಂದು ಕವಲು ಮುಂದೆ ಹೋಗದೆ ನಿಂತಿರುವುದನ್ನು ನೋಡುತ್ತೇವೆ. ಮನೆಯವರು ಅದಕ್ಕೆ ಕೊಡುವ ವಿವರಣೆಯನ್ನು ದಾಖಲಿಸುವುದು ಸರಿ. ಅದನ್ನೇ ಸತ್ಯವೆಂದು ನಿರೂಪಿಸುವುದು ಸರಿಯಲ್ಲ. ಆ ಕವಲಿನ ಗಂಡಸು ಬಾಲ್ಯದಲ್ಲಿ ಸಿಡುಬಿನಿಂದ ಬದುಕಿ ಉಳಿದವನೇ, ಅವನಿಗೆ ಎರಡನೆಯ ಮದುವೆಯಾಗಿಯೂ ಮಕ್ಕಳಾಗಲಿಲ್ಲವೇ, ಅವನ ಮೊದಲ ಹೆಂಡತಿ ಬೇರೆ ಮದುವೆಯಾಗಿ ಮಕ್ಕಳನ್ನು ಹೆತ್ತಳೇ ಎಂಬ ಪ್ರಶ್ನೆಗಳನ್ನು ಕೇಳಿ ಬರೆದಿಡಬೇಕು. ಉತ್ತರ ಎಲ್ಲ ಕಡೆಯೂ ಸಿಕ್ಕದಿರಬಹುದು. ಸಿಕ್ಕದ ಕಡೆ 'ಸಂತಾನವಿಲ್ಲ' ಎಂದಷ್ಟೇ ಬರೆಯಬೇಕು. 'ಬಂಜೆ' ಎಂದು ಬರೆಯಕೂಡದು.